ರೋಗನಿದಾನ ಮತ್ತು ಔಷಧಿ: ಡಾ. ನಾರ್ಮನ್ ಬೆಥೂನ್ ಎಡಪಂಥಕ್ಕೆ ತಿರುಗಿದ ಬಗೆ



ಸ್ಕಾರ್ಬರೋದಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಿಗೆ ಡಾ. ನಾರ್ಮನ್ ಬೆಥೂನ್ ಎಂಬುದು ಮೊದಲಿಗೆ ಒಂದು ಪ್ರೌಢಶಾಲೆಯ ಹೆಸರು. ಯಾರ್ಕ್ ವಿಶ್ವವಿದ್ಯಾಲಯದ ಒಂದು ಕಾಲೇಜಿಗೂ ಅದೇ ಹೆಸರಿದೆ. ಟೊರಾಂಟೋ ವಿಶ್ವವಿದ್ಯಾಲಯದ ಆವರಣದಲ್ಲಿ 2014ರಲ್ಲಿ ಅವರ ಪ್ರತಿಮೆಯೊಂದು ಸ್ಥಾಪನೆಯಾಯಿತು. ಹೀಗೆ ನಮ್ಮ ಮಕ್ಕಳು ದಿನವೂ ಹಾದುಹೋಗುವ ಜಾಗಗಳಲ್ಲಿ ನಿಂತಿರುವ ಈ ವೈದ್ಯರು ಬಂಡವಾಳಶಾಹಿಯನ್ನು ಬೇರುಸಹಿತ ಕಿತ್ತೊಗೆಯಬೇಕೆಂದು ನಂಬಿದ್ದ ಕಮ್ಯುನಿಸ್ಟರಾಗಿದ್ದರು ಎಂಬುದನ್ನು ಬಲ್ಲವರು ಕಡಿಮೆ.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಮನೆಗಳಲ್ಲಿ ಈಗೀಗ ಒಂದು ಚರ್ಚೆ ಮತ್ತೆ ಮತ್ತೆ ಕೇಳಿಬರುತ್ತಿದೆ. ವಿಶ್ವವಿದ್ಯಾಲಯಕ್ಕೆ ಹೋದ ಮಗನೋ ಮಗಳೋ ಬಂಡವಾಳಶಾಹಿಯೇ ಎಲ್ಲ ಕೇಡಿಗೂ ಮೂಲವೆನ್ನುತ್ತಾರೆ. ಇದೇ ವ್ಯವಸ್ಥೆಯಲ್ಲಿ ದುಡಿದು ಮನೆ ಕಟ್ಟಿಕೊಂಡ ತಂದೆತಾಯಿಗಳಿಗೆ ಅದು ತಮ್ಮ ಬದುಕಿಗೇ ಹಾಕಿದ ತಪ್ಪೆಣಿಕೆಯಂತೆ ಕೇಳಿಸುತ್ತದೆ. 1967ರಲ್ಲಿ ಕೆನಡಾ ಅಂಕಪದ್ಧತಿಯ ವಲಸೆ ನೀತಿಯನ್ನು ತಂದ ಮೇಲೆ, ವಿದ್ಯೆಯನ್ನೂ ಕಸುಬನ್ನೂ ನಂಬಿ ಬಂದವರು ನಾವು. ಪ್ರತಿಭೆಗೆ ಬೆಲೆ, ಕಾನೂನಿನ ಮುಂದೆ ಸಮಾನತೆ, ಹಂತಹಂತವಾದ ಸುಧಾರಣೆ: ಇವನ್ನು ನಂಬುವುದೇ ಉದಾರವಾದ. ಪಕ್ಷ ಯಾವುದೇ ಇರಲಿ, ನಮ್ಮಲ್ಲಿ ಬಹುತೇಕರು ಈ ಅರ್ಥದಲ್ಲಿ ಉದಾರವಾದಿಗಳು. ಅಂಥ ನಂಬಿಕೆಯಿಂದ ಹೊರಟ ಮನುಷ್ಯ ಬಂಡವಾಳಶಾಹಿ ವಿರೋಧಿ ಎಡಪಂಥಕ್ಕೆ ಹೇಗೆ ತಲುಪುತ್ತಾನೆ? ಇದಕ್ಕೆ ಬೆಥೂನ್ ಅವರ ಜೀವನದಷ್ಟು ಸ್ಪಷ್ಟವಾದ ದಾಖಲೆ ಈ ನಾಡಿನಲ್ಲಿ ವಿರಳ. ವೈದ್ಯರಾದ ನಮಗೆ ಅದು ಒಂದು ರೋಗಚರಿತ್ರೆಯಂತೆ ಹಂತಹಂತವಾಗಿ ಓದಿಸಿಕೊಳ್ಳುತ್ತದೆ.

ಬೆಥೂನ್ ಹುಟ್ಟಿದ್ದು 1890ರಲ್ಲಿ, ಟೊರಾಂಟೋದ ಉತ್ತರಕ್ಕಿರುವ ಗ್ರೇವನ್‌ಹರ್ಸ್ಟ್ ಎಂಬ ಪಟ್ಟಣದಲ್ಲಿ. ತಂದೆ ಪ್ರೆಸ್ಬಿಟೇರಿಯನ್ ಪಾದ್ರಿ. ತಾತ ಟೊರಾಂಟೋದ ಹೆಸರಾಂತ ವೈದ್ಯರು. ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ 1911ರಲ್ಲಿ ಫ್ರಾಂಟಿಯರ್ ಕಾಲೇಜ್ ಸಂಸ್ಥೆಯ ಪರವಾಗಿ ಕಾಡಿಗೆ ತೆರಳಿ, ಹಗಲು ಮರ ಕಡಿಯುವವರೊಂದಿಗೆ ದುಡಿದು ರಾತ್ರಿ ಅವರಿಗೆ ಅಕ್ಷರ ಕಲಿಸಿದರು. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಹೊರುವ ಕೆಲಸಕ್ಕೆ ಸೇರಿ, 1915ರಲ್ಲಿ ಈಪ್ರದ ರಣರಂಗದಲ್ಲಿ ತಾವೇ ಗಾಯಗೊಂಡು ಮರಳಿದರು. 1916ರಲ್ಲಿ ವೈದ್ಯ ಪದವಿ ಪಡೆದರು. ಈ ಹಂತದಲ್ಲಿ ಅವರಲ್ಲಿ ಕ್ರಾಂತಿಯ ಮಾತಿರಲಿಲ್ಲ. ಕಷ್ಟದಲ್ಲಿರುವವನಿಗೆ ಕೈ ಚಾಚುವ ಕ್ರೈಸ್ತ ಸೇವಾಭಾವವೂ, ತನ್ನ ಕೈಚಳಕದಿಂದ ಮುಂದೆ ಬರಬೇಕೆಂಬ ಹಟವೂ ಇದ್ದವು.

1924ರ ವೇಳೆಗೆ ಅವರು ಅಮೆರಿಕದ ಡೆಟ್ರಾಯಿಟ್‌ನಲ್ಲಿ ಸ್ವಂತ ವೃತ್ತಿ ಆರಂಭಿಸಿದರು. ಮೊದಲು ಬಂದ ಬಡ ರೋಗಿಗಳ ಬಳಿ ಶುಲ್ಕಕ್ಕೆ ಹಣವಿರಲಿಲ್ಲ. ಹೆಸರು ಬಂದ ಮೇಲೆ ಹಣವಂತರು ಬಂದರು. 1926ರಲ್ಲಿ ಅವರಿಗೇ ಕ್ಷಯರೋಗ ತಗುಲಿತು. ಕ್ಷಯಕ್ಕೆ ಔಷಧಿಯಿಲ್ಲದ ಕಾಲವದು. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1940ರ ದಶಕದಲ್ಲಿ. ನ್ಯೂಯಾರ್ಕ್ ರಾಜ್ಯದ ಸಾರಾನಾಕ್ ಲೇಕ್‌ನಲ್ಲಿದ್ದ ಟ್ರುಡೋ ಆರೋಗ್ಯಧಾಮದಲ್ಲಿ ವಿಶ್ರಾಂತಿ, ಶುದ್ಧ ಗಾಳಿ, ಪುಷ್ಟಿಕರ ಆಹಾರಗಳೇ ಚಿಕಿತ್ಸೆ. ಎದೆಗೂಡಿನೊಳಕ್ಕೆ ಗಾಳಿ ತುಂಬಿಸಿ ಶ್ವಾಸಕೋಶವನ್ನು ಕುಗ್ಗಿಸುವ ಹೊಸ ಪದ್ಧತಿಯ ಬಗ್ಗೆ ಬೆಥೂನ್ ಓದಿದರು, ತಮ್ಮ ಮೇಲೆ ಅದನ್ನು ಪ್ರಯೋಗಿಸಬೇಕೆಂದು ಪಟ್ಟುಹಿಡಿದರು, ಗುಣಮುಖರಾದರು.

ಅಲ್ಲಿಂದ ಅವರು ಕ್ಷಯದ ಶಸ್ತ್ರಚಿಕಿತ್ಸೆಗೇ ತಮ್ಮನ್ನು ಅರ್ಪಿಸಿಕೊಂಡರು. 1928ರಲ್ಲಿ ಮಾಂಟ್ರಿಯಲ್‌ನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಡಾ. ಎಡ್ವರ್ಡ್ ಆರ್ಚಿಬಾಲ್ಡ್ ಅವರ ಜೊತೆಗೂ, 1933ರಿಂದ ಅದೇ ನಗರದ ಸಾಕ್ರೆ ಕ್ಯರ್ ಆಸ್ಪತ್ರೆಯಲ್ಲಿ ಎದೆ ಶಸ್ತ್ರಚಿಕಿತ್ಸೆಯ ಮುಖ್ಯಸ್ಥರಾಗಿಯೂ ದುಡಿದರು. ಅವರು ರೂಪಿಸಿದ ಪಕ್ಕೆಲುಬು ಕತ್ತರಿ ಅವರ ಕಾಲಾನಂತರವೂ ದೀರ್ಘಕಾಲ ಬಳಕೆಯಲ್ಲಿತ್ತು. ಉತ್ತಮ ಉಪಕರಣ, ಉತ್ತಮ ತಂತ್ರ, ಬೇಗನೆ ರೋಗಪತ್ತೆ, ಇಷ್ಟಿದ್ದರೆ ಕ್ಷಯವನ್ನು ಗೆಲ್ಲಬಹುದೆಂಬುದು ಆಗಿನ ಅವರ ನಂಬಿಕೆ. ಇದು ಉದಾರವಾದಿಯೊಬ್ಬನ ನಂಬಿಕೆಯೇ: ಸಮಾಜದ ತಳಹದಿ ಸರಿಯಾಗಿದೆ, ಕೊರತೆಗಳನ್ನು ತಜ್ಞರು ತಿದ್ದುತ್ತಾರೆ.

ಆ ನಂಬಿಕೆಯನ್ನು ಅಲುಗಾಡಿಸಿದ್ದು ಪುಸ್ತಕಗಳಿಗಿಂತ ಮೊದಲು ರೋಗಿಗಳು. ಮಹಾ ಆರ್ಥಿಕ ಕುಸಿತದ ವರ್ಷಗಳವು. 1933ರ ವೇಳೆಗೆ ಕೆನಡಾದ ದುಡಿಮೆಗಾರರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ಅವಿವಾಹಿತ ನಿರುದ್ಯೋಗಿಗಳನ್ನು ಸರ್ಕಾರವು ಸೇನಾ ಇಲಾಖೆಯ ಶಿಬಿರಗಳಿಗೆ ಕಳಿಸಿ ದಿನಕ್ಕೆ 20 ಸೆಂಟ್ ಕೊಡುತ್ತಿತ್ತು. ಶಸ್ತ್ರಚಿಕಿತ್ಸೆಯಿಂದ ಬದುಕಿದ ರೋಗಿಯು ಅದೇ ಗಾಳಿಯಿಲ್ಲದ ಕೋಣೆಗೆ, ಅದೇ ಅರೆಹೊಟ್ಟೆಗೆ ಮರಳುತ್ತಿದ್ದ. ಸ್ವಲ್ಪ ಕಾಲದಲ್ಲಿ ಮತ್ತೆ ಕೆಮ್ಮುತ್ತ ಬರುತ್ತಿದ್ದ. ಹಣವಿದ್ದವನು ವರ್ಷಗಟ್ಟಲೆ ವಿಶ್ರಾಂತಿ ಪಡೆದು ಗುಣವಾಗುತ್ತಾನೆ, ಇಲ್ಲದವನಿಗೆ ವಿಶ್ರಾಂತಿಯೇ ನಿಲುಕದು. ಆದ್ದರಿಂದ ರೋಗಾಣು ಒಂದೇ ಆದರೂ ರೋಗ ಎರಡು ಎಂಬ ತೀರ್ಮಾನಕ್ಕೆ ಬೆಥೂನ್ ಬಂದರು. "ಈ ರೋಗಿಯನ್ನು ಹೇಗೆ ಗುಣಪಡಿಸಲಿ?" ಎಂಬ ಪ್ರಶ್ನೆ "ಇವನು ಮತ್ತೆ ಮತ್ತೆ ಏಕೆ ಬರುತ್ತಾನೆ?" ಎಂದು ಬದಲಾಯಿತು. ನಮ್ಮ ದೃಷ್ಟಿಯಲ್ಲಿ ತಿರುವಿನ ಮೊದಲ ಹೆಜ್ಜೆ ಇದೇ.

ಎರಡನೆಯ ಹೆಜ್ಜೆ, ಲಭ್ಯವಿದ್ದ ಸುಧಾರಣೆಗಳನ್ನೆಲ್ಲ ಪ್ರಯತ್ನಿಸಿ ನೋಡಿದ್ದು. ಮಾಂಟ್ರಿಯಲ್‌ನ ನಿರುದ್ಯೋಗಿಗಳಿಗೆ ಅವರು ಉಚಿತ ಚಿಕಿತ್ಸೆ ನೀಡಿದರು. ವೈದ್ಯರು, ದಾದಿಯರು, ಸಮಾಜಸೇವಕರನ್ನು ಸೇರಿಸಿ ಜನರ ಆರೋಗ್ಯ ಭದ್ರತೆಗಾಗಿ ಒಂದು ಬಳಗ ಕಟ್ಟಿದರು. 1936ರ ಏಪ್ರಿಲ್‌ನಲ್ಲಿ ನಗರದ ವೈದ್ಯಸಂಘದ ಮುಂದೆ ಮಾತನಾಡುತ್ತ, ಚಿಕಿತ್ಸೆಯಿಂದ ಖಾಸಗಿ ಲಾಭವನ್ನು ತೆಗೆದುಹಾಕಬೇಕೆಂದು ವಾದಿಸಿದರು. ಬಳಗವು ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಹಲವು ಮಾದರಿಗಳನ್ನು ಸಿದ್ಧಪಡಿಸಿ, ಅದೇ ವರ್ಷದ ಕ್ವಿಬೆಕ್ ಚುನಾವಣೆಯ ಸಂದರ್ಭದಲ್ಲಿ ಮುಂದಿಟ್ಟಿತು. ಅದಕ್ಕೆ ಮನ್ನಣೆ ಸಿಗಲಿಲ್ಲ.

ಮೂರನೆಯ ಹೆಜ್ಜೆ, ಬೇರೊಂದು ದಾರಿಯಿದೆ ಎಂಬ ನೋಟ. 1935ರಲ್ಲಿ ಶರೀರಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನಕ್ಕೆಂದು ಅವರು ಲೆನಿನ್‌ಗ್ರಾಡ್‌ಗೆ ಹೋಗಿ, ಸೋವಿಯತ್ ಒಕ್ಕೂಟದ ಉಚಿತ ಕ್ಷಯ ಚಿಕಿತ್ಸಾ ಕೇಂದ್ರಗಳನ್ನು ಕಂಡು ಮಾರುಹೋದರು. ಆ ವರ್ಷದ ಕೊನೆಯ ಹೊತ್ತಿಗೆ ಕಮ್ಯುನಿಸ್ಟ್ ಪಕ್ಷವನ್ನು ಗುಟ್ಟಾಗಿ ಸೇರಿದರು. ಗುಟ್ಟಿಗೆ ಕಾರಣವಿತ್ತು: 1931ರಲ್ಲಿ ಟಿಮ್ ಬಕ್ ಮೊದಲಾದ ಪಕ್ಷದ ನಾಯಕರನ್ನು ದಂಡಸಂಹಿತೆಯ 98ನೆಯ ಕಲಮಿನಡಿ ಬಂಧಿಸಿ, ಟೊರಾಂಟೋದಲ್ಲಿ ವಿಚಾರಣೆ ನಡೆಸಿ ಸೆರೆಮನೆಗೆ ಕಳಿಸಲಾಗಿತ್ತು. ಅಭಿಪ್ರಾಯ ಸ್ವಾತಂತ್ರ್ಯವನ್ನು ಸಾರುವ ಉದಾರವಾದಿ ರಾಜ್ಯವೇ ಅಭಿಪ್ರಾಯಕ್ಕಾಗಿ ಜನರನ್ನು ಬಂಧಿಸಿದಾಗ, ಅದರ ಮೇಲಿನ ಭರವಸೆ ಇನ್ನಷ್ಟು ಕುಗ್ಗುವುದು ಸಹಜ. ಆ ಕಲಮು ರದ್ದಾದದ್ದು 1936ರಲ್ಲಿ.

ಉಳಿದ ಕತೆ ಪ್ರಸಿದ್ಧ. 1936ರ ಅಕ್ಟೋಬರ್‌ನಲ್ಲಿ ಬೆಥೂನ್ ಸ್ಪೇನಿನ ಅಂತರ್ಯುದ್ಧಕ್ಕೆ ಹೊರಟು, ಶೀಶೆಗಳಲ್ಲಿ ಕಾಪಿಟ್ಟ ರಕ್ತವನ್ನು ರಣರಂಗಕ್ಕೇ ಒಯ್ಯುವ ಸಂಚಾರಿ ವ್ಯವಸ್ಥೆ ಕಟ್ಟಿದರು. 1938ರಲ್ಲಿ ಚೀನಾಕ್ಕೆ ಹೋಗಿ, ಜಪಾನಿನ ದಾಳಿಯನ್ನು ಎದುರಿಸುತ್ತಿದ್ದ ಕಮ್ಯುನಿಸ್ಟ್ ಸೈನಿಕರಿಗೆ ಬೆಟ್ಟಗಾಡಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಅಂಥ ಒಂದು ಚಿಕಿತ್ಸೆಯಲ್ಲಿ ಬೆರಳಿಗಾದ ಗಾಯ ನಂಜೇರಿ, 1939ರ ನವೆಂಬರ್ 12ರಂದು, 49ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಲ್ಲಿ ನಮ್ಮ ಕಡೆಯವರೊಬ್ಬರ ನೆನಪು ಬರುತ್ತದೆ. ಸೊನ್ನಲಿಗೆಯ ಸಿದ್ಧರಾಮನ ಊರಾದ ಸೊಲ್ಲಾಪುರ ಕನ್ನಡಿಗರಿಗೆ ಹೊರಗಿನದಲ್ಲ. ಆ ಜಿಲ್ಲೆಯ ಅಕ್ಕಲಕೋಟೆಯ ಸೀಮೆಯಲ್ಲಿ ಇಂದಿಗೂ ಕನ್ನಡ ಮನೆಮಾತು. ಅದೇ ಸೊಲ್ಲಾಪುರದಲ್ಲಿ 1910ರಲ್ಲಿ ಮರಾಠಿ ಕುಟುಂಬವೊಂದರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸರು 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು. ಉಳಿದ ನಾಲ್ವರು ಹಿಂದಿರುಗಿದರು, ಕೋಟ್ನಿಸರು ಉಳಿದರು. 1941ರಲ್ಲಿ ಅವರು ವಹಿಸಿಕೊಂಡದ್ದು ಬೆಥೂನ್ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕ ಪದವಿಯನ್ನು. 1942ರಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷ ಸೇರಿ, ಅದೇ ಡಿಸೆಂಬರ್‌ನಲ್ಲಿ ನಿಧನರಾದರು. ಕಾಂಗ್ರೆಸ್ಸಿನ ರಾಷ್ಟ್ರಸೇವೆಯಿಂದ ಹೊರಟು ನಾಲ್ಕೇ ವರ್ಷಗಳಲ್ಲಿ ಅಷ್ಟು ದೂರ ಸಾಗಿದ ಅವರನ್ನೂ ಕೊಂಡೊಯ್ದದ್ದು ವಾದಸರಣಿಗಿಂತ ಹೆಚ್ಚಾಗಿ ಕೈಗೆತ್ತಿಕೊಂಡ ಕೆಲಸ ಮತ್ತು ಜೊತೆಗೆ ದುಡಿದ ಜನ. ಶಾಂತಾರಾಮರು 1946ರಲ್ಲಿ ತೆಗೆದ ಚಲನಚಿತ್ರದಿಂದ ನಮ್ಮ ಹಿರಿಯರಿಗೆ ಅವರು ಪರಿಚಿತರು.

ಆದರೆ ಈ ದಾರಿಯಲ್ಲಿ ನಡೆದವರೆಲ್ಲ ಒಂದೇ ಊರು ಸೇರಲಿಲ್ಲ. ಇಂದು ನಮ್ಮವರೂ ಮನೆ ಮಾಡಿಕೊಳ್ಳುತ್ತಿರುವ ಸ್ಟೌಫ್‌ವಿಲ್‌ನಲ್ಲಿ 1889ರಲ್ಲಿ ಹುಟ್ಟಿದ ಫ್ರಾಂಕ್ ಅಂಡರ್‌ಹಿಲ್, ಟೊರಾಂಟೋ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕರು. ಅದೇ ಆರ್ಥಿಕ ಕುಸಿತ ಅವರನ್ನೂ ಎಡಕ್ಕೆ ತಿರುಗಿಸಿತು. 1932ರಲ್ಲಿ ಸ್ಥಾಪಿತವಾದ ಸಿಸಿಎಫ್ ಪಕ್ಷವು 1933ರಲ್ಲಿ ರೆಜೈನಾದಲ್ಲಿ ಅಂಗೀಕರಿಸಿದ ಪ್ರಣಾಳಿಕೆಯ ಕರಡನ್ನು ಬರೆದವರು ಅವರೇ. ಬಂಡವಾಳಶಾಹಿಯ ನಿರ್ಮೂಲನವಾಗುವ ತನಕ ತಮ್ಮ ಸರ್ಕಾರ ವಿರಮಿಸದು ಎಂಬ ಅರ್ಥದ ಪ್ರತಿಜ್ಞೆಯಿಂದ ಆ ಪ್ರಣಾಳಿಕೆ ಮುಗಿಯುತ್ತದೆ. ಎರಡನೆಯ ಮಹಾಯುದ್ಧವನ್ನೂ ಸ್ಟಾಲಿನನ ಆಳ್ವಿಕೆಯನ್ನೂ ಕಂಡ ಬಳಿಕ ಅಂಡರ್‌ಹಿಲ್ ಮೆಲ್ಲಮೆಲ್ಲನೆ ಉದಾರವಾದಕ್ಕೆ ಮರಳಿದರು. 1960ರಲ್ಲಿ ಬಂದ ಅವರ ಪ್ರಬಂಧ ಸಂಕಲನದ ಹೆಸರೇ ಕೆನಡಾದ ಉದಾರವಾದದ ಹುಡುಕಾಟವನ್ನು ಕುರಿತದ್ದು. ಪಕ್ಷವೂ 1956ರಲ್ಲಿ ತನ್ನ ಹಳೆಯ ಪ್ರತಿಜ್ಞೆಯನ್ನು ಸಡಿಲಿಸಿತು. 1961ರಲ್ಲಿ ಎನ್‌ಡಿಪಿಯಾಗಿ ಹೊಸ ರೂಪ ತಾಳಿತು.

ಈ ಇಬ್ಬರನ್ನು ಅಕ್ಕಪಕ್ಕ ಇಟ್ಟಾಗ ವೈದ್ಯರಿಗೆ ಎದ್ದು ಕಾಣುವ ಅಂಶವೊಂದಿದೆ. ರೋಗನಿದಾನ ಬೇರೆ, ಔಷಧಿ ಬೇರೆ. ಬಡತನವು ಕ್ಷಯವನ್ನು ಮರಳಿ ತರುತ್ತದೆ, ಹಣವಿಲ್ಲದವನಿಗೆ ಚಿಕಿತ್ಸೆ ಎಟುಕುವುದಿಲ್ಲ ಎಂಬ ಬೆಥೂನ್ ಅವರ ನಿದಾನ ಸರಿಯಾಗಿತ್ತು. ಇಂದಿನ ಯಾವ ವೈದ್ಯಕೀಯ ಪಠ್ಯವೂ ಅದನ್ನು ಅಲ್ಲಗಳೆಯದು. ಅವರು ಮೆಚ್ಚಿದ ಔಷಧಿಯ ಕತೆ ಬೇರೆ. ಅವರು ಸೋವಿಯತ್ ನಾಡಿಗೆ ಹೋಗುವುದಕ್ಕೆ ಎರಡು ವರ್ಷ ಮುಂಚೆ, 1932-33ರಲ್ಲಿ, ಸ್ಟಾಲಿನ್ ಸರ್ಕಾರದ ನೀತಿಗಳಿಂದಲೇ ಉಂಟಾದ ಕ್ಷಾಮದಲ್ಲಿ ಉಕ್ರೇನಿನ ಲಕ್ಷಾಂತರ ರೈತರು ಹಸಿವಿನಿಂದ ಸತ್ತಿದ್ದರು. ಚಿಕಿತ್ಸಾಲಯಗಳನ್ನು ಕಂಡ ಬೆಥೂನ್ ಅವರ ಕಣ್ಣಿಗೆ ಅದು ಬೀಳಲಿಲ್ಲ. ನಮ್ಮ ನೆರೆಯಲ್ಲಿರುವ ಉಕ್ರೇನಿಯನ್ ಕುಟುಂಬಗಳು ಇಂದಿಗೂ ಆ ಸಾವುಗಳ ಸ್ಮರಣೆ ಮಾಡುತ್ತವೆ.

ಆ ನಿದಾನಕ್ಕೆ ಕೆನಡಾ ಕೊನೆಗೆ ಕೊಟ್ಟ ಉತ್ತರ ಮೂರನೆಯದೊಂದು. 1962ರ ಜುಲೈನಲ್ಲಿ ಸಸ್ಕಾಚೆವಾನ್ ಪ್ರಾಂತ್ಯದ ಸಿಸಿಎಫ್ ಸರ್ಕಾರ ಸಾರ್ವತ್ರಿಕ ವೈದ್ಯಕೀಯ ವಿಮೆಯನ್ನು ಜಾರಿಗೆ ತಂದಾಗ ವೈದ್ಯರು 23 ದಿನ ಮುಷ್ಕರ ಹೂಡಿದರು. ಯೋಜನೆ ಉಳಿಯಿತು. 1966ರಲ್ಲಿ ಪಿಯರ್ಸನ್ ಅವರ ಲಿಬರಲ್ ಸರ್ಕಾರ ಅದನ್ನೇ ದೇಶದ ಕಾನೂನಾಗಿಸಿತು. 1984ರ ಕೆನಡಾ ಆರೋಗ್ಯ ಕಾಯ್ದೆ ಅದನ್ನು ಬಲಪಡಿಸಿತು. ಬಂಡವಾಳಶಾಹಿ ಉಳಿಯಿತು, ಆದರೆ ಚಿಕಿತ್ಸೆಯ ಬಹುಪಾಲು ಅದರ ಸಂತೆಯಿಂದ ಹೊರಬಂತು. ನಮ್ಮೆಲ್ಲರ ಜೇಬಿನಲ್ಲಿರುವ ಹೆಲ್ತ್ ಕಾರ್ಡು ಎಡಪಂಥೀಯರು ಎತ್ತಿದ ಪ್ರಶ್ನೆಗೆ ಉದಾರವಾದಿಗಳು ತಡವಾಗಿ ಒಪ್ಪಿಕೊಂಡ ಉತ್ತರ. ಪ್ರಶ್ನೆ ಎತ್ತಿದವರಿಲ್ಲದೆ ಅದು ಬರುತ್ತಿರಲಿಲ್ಲ. ಹಂತಹಂತವಾಗಿ ಕಾನೂನು ಮಾಡಿದವರಿಲ್ಲದೆ ಅದು ನಿಲ್ಲುತ್ತಿರಲಿಲ್ಲ.

ಬೆಥೂನ್ ಅವರಿಗೆ ಮನ್ನಣೆಯೂ ತಡವಾಗಿಯೇ ಬಂತು. 1970ರಲ್ಲಿ ಕೆನಡಾ ಕಮ್ಯುನಿಸ್ಟ್ ಚೀನಾವನ್ನು ಮಾನ್ಯ ಮಾಡಿತು. ಆ ಬಳಿಕ, 1972ರಲ್ಲಿ, ಅವರನ್ನು ರಾಷ್ಟ್ರೀಯ ಐತಿಹಾಸಿಕ ಮಹತ್ವದ ವ್ಯಕ್ತಿಯೆಂದು ಸಾರಿತು.

ಆದ್ದರಿಂದ ನಮ್ಮ ಮನೆಗಳ ಚರ್ಚೆಗೆ ಒಂದು ವಿನಂತಿ. ಮಕ್ಕಳು ಬಂಡವಾಳಶಾಹಿಯನ್ನು ಖಂಡಿಸಿದಾಗ ಅವರ ಔಷಧಿಯೊಡನೆ ಜಗಳಕ್ಕಿಳಿಯುವ ಮುನ್ನ ಅವರ ನಿದಾನವನ್ನು ಕೇಳೋಣ. ಟೊರಾಂಟೋದಲ್ಲಿ ದುಡಿಯುವ ದಂಪತಿಗೂ ಮನೆ ಏಕೆ ನಿಲುಕುತ್ತಿಲ್ಲ, ಬೇರೆ ದೇಶದಲ್ಲಿ ಓದಿದ ವೈದ್ಯ ಪರವಾನಗಿಗಾಗಿ ಏಕೆ ವರ್ಷಗಟ್ಟಲೆ ಕಾಯುತ್ತಾನೆ, ಫುಡ್ ಬ್ಯಾಂಕಿನ ಮುಂದೆ ಸಾಲು ಏಕಿದೆ ಎಂಬ ಪ್ರಶ್ನೆಗಳು ಹಿರಿಯರದ್ದೂ ಹೌದು. ಅವಕ್ಕೆ ನಮ್ಮ ಬಳಿ ಉತ್ತರವಿಲ್ಲದಿದ್ದರೆ, ಉತ್ತರವಿದೆ ಎನ್ನುವವರ ಬಳಿಗೆ ಮಕ್ಕಳು ಹೋಗುತ್ತಾರೆ. ಹಾಗೆಯೇ ಮಕ್ಕಳಲ್ಲೂ ಒಂದು ಮಾತು: ಔಷಧಿಯನ್ನು ಬಳಸಿದ ನಾಡುಗಳಲ್ಲಿ ರೋಗಿಗೆ ಏನಾಯಿತೆಂದು ವಿಚಾರಿಸದೆ ಅದನ್ನು ಬರೆದುಕೊಡಬಾರದು.

ಬೇಸಿಗೆಯಲ್ಲಿ ಮಸ್ಕೋಕಾದ ಕಡೆಗೆ ಹೊರಡುವ ಕುಟುಂಬಗಳು ಗ್ರೇವನ್‌ಹರ್ಸ್ಟ್‌ನಲ್ಲಿ ಇಳಿಯಬಹುದು. ಬೆಥೂನ್ ಹುಟ್ಟಿದ ಮನೆ 1976ರಿಂದ ಸ್ಮಾರಕವಾಗಿದೆ. ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಮರಳುವ ದಾರಿಯಲ್ಲಿ ಮಾತನಾಡಲು ಎರಡು ಗಂಟೆ ಸಮಯವಿರುತ್ತದೆ.