ಲೆಕ್ಕ ತಪ್ಪಿದ ತಿಂಗಳು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಗುವ ತನಕ ಈ ನಾಲ್ಕು ತಾಲ್ಲೂಕುಗಳು ಮೈಸೂರು ಜಿಲ್ಲೆಗೆ ಸೇರಿದ್ದವು. ಈ ಸೀಮೆಯ ಇತಿಹಾಸವೆಂದರೆ ನಮಗೆ ನೆನಪಾಗುವುದು ಟಿಪ್ಪುವಿನ ಕೋಟೆ, ಮೇಲುಕೋಟೆಯ ವೈರಮುಡಿ, ಹೊಸಹೊಳಲಿನ ಹೊಯ್ಸಳ ಗುಡಿ, ಕನ್ನಂಬಾಡಿ ಕಟ್ಟೆ. ಆದರೆ ಯಾವ ಶಾಸನದಲ್ಲೂ ಕೆತ್ತದ ಇನ್ನೊಂದು ಲೆಕ್ಕ ಇಲ್ಲಿನ ಮನೆಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಅದು ಹೆಂಗಸರು ಬೆರಳು ಮಡಿಸಿ ಎಣಿಸುವ ತಿಂಗಳ ಲೆಕ್ಕ. ಅದು ನಾಲ್ಕು ದಿನ ತಪ್ಪಿದರೆ ಒಬ್ಬಳಿಗೆ ಹಿಗ್ಗು, ಇನ್ನೊಬ್ಬಳಿಗೆ ನಿದ್ದೆಗೇಡು.

ಹಳೆಯ ಕಾಲದಲ್ಲಿ ಈ ಆತಂಕವನ್ನು ಬಚ್ಚಿಡಲು ಜಾಗವೇ ಇರಲಿಲ್ಲ. ಮುಟ್ಟಾದವಳು ಮೂರು ದಿನ 'ಹೊರಗೆ ಕೂರುವ' ಪದ್ಧತಿಯಿದ್ದ ಮನೆಗಳಲ್ಲಿ ಆಕೆಯ ದೇಹದ ಪಂಚಾಂಗ ಇಡೀ ಮನೆಗೆ ಗೊತ್ತು. ಈ ತಿಂಗಳು ಸೊಸೆ ಹೊರಗಾಗಲಿಲ್ಲ ಎಂಬುದನ್ನು ಅತ್ತೆ ಮೊದಲು ಗಮನಿಸುತ್ತಿದ್ದಳು, ಆಮೇಲೆ ನೆರೆಮನೆಯವಳು. ಹೊಸ ಸೊಸೆಯಾದರೆ ಅದು ಸಿಹಿಸುದ್ದಿ. ಆರು ಹೆತ್ತು ಬಸವಳಿದವಳಾದರೆ ನಿಟ್ಟುಸಿರು. ವಿಧವೆಯಾದರೆ ಅದೇ ಮೌನ ಅವಳ ಬಾಳಿನ ತೀರ್ಪಾಗುತ್ತಿತ್ತು. ಬಾಲ್ಯವಿವಾಹ ಸಾಮಾನ್ಯವಾಗಿದ್ದ ಕಾಲದಲ್ಲಿ ಹರೆಯಕ್ಕೆ ಬರುವ ಮುನ್ನವೇ ಗಂಡನನ್ನು ಕಳೆದುಕೊಂಡವರು ಎಷ್ಟೋ ಮಂದಿ. ಮೈಸೂರು ಸಂಸ್ಥಾನ 1894ರಲ್ಲೇ ಬಾಲ್ಯವಿವಾಹ ತಡೆಗೆ ಕಾಯಿದೆ ತಂದದ್ದು ಸುಮ್ಮನೆ ಅಲ್ಲ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ 'ಘಟಶ್ರಾದ್ಧ' ಚಿತ್ರವನ್ನು ನೋಡಿದವರಿಗೆ, ಬಸಿರಾದ ವಿಧವೆಯನ್ನು ಊರು ಹೇಗೆ ಬದುಕಿದ್ದಂತೆಯೇ ಸತ್ತವಳೆಂದು ಸಾರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಬೇಡದ ಬಸಿರಿಗೆ ಆಗ ಇದ್ದ ದಾರಿಗಳು ಎರಡೇ. ಒಂದು, ಎಳ್ಳು, ಬೆಲ್ಲ, ಪರಂಗಿಕಾಯಿ ಎಂಬ ನಂಬಿಕೆಯ ಮದ್ದು. ಇನ್ನೊಂದು, ಕದ್ದುಮುಚ್ಚಿ ಮಾಡಿಸುವ, ಎಷ್ಟೋ ಸಲ ತಾಯಿಯ ಜೀವವನ್ನೇ ತೆಗೆಯುವ ಕೈಮದ್ದು. 1860ರ ಭಾರತೀಯ ದಂಡ ಸಂಹಿತೆಯ 312ನೇ ಕಲಮಿನ ಪ್ರಕಾರ ಗರ್ಭಪಾತ ಅಪರಾಧ. ತಾಯಿಯ ಜೀವ ಉಳಿಸಲೆಂದು ಮಾಡಿದ್ದಕ್ಕೆ ಮಾತ್ರ ವಿನಾಯಿತಿ. ಮಾಡಿಸಿಕೊಂಡ ಹೆಣ್ಣೂ ಆರೋಪಿಯೇ.

ಇಂಥ ಕಾಲದಲ್ಲಿ ನಮ್ಮ ಸಂಸ್ಥಾನ ಒಂದು ಅಚ್ಚರಿಯ ಹೆಜ್ಜೆ ಇಟ್ಟಿತು. 1930ರ ಜೂನ್ 11ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಬೆಂಗಳೂರು, ಮೈಸೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆಜ್ಞೆ ಹೊರಡಿಸಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಸರ್ಕಾರವೇ ಮುಂದೆ ನಿಂತು ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಜಗತ್ತಿನಲ್ಲೇ ಇವು ಮೊದಲಿನವು ಎಂದು ಹೆಸರಾಗಿವೆ. ಆದರೆ ನಾಗಮಂಗಲದ ಹಳ್ಳಿಯ ಹೆಂಗಸಿಗೆ ಮೈಸೂರು ಪೇಟೆಯ ಆಸ್ಪತ್ರೆ ಎಷ್ಟು ದೂರ ಎಂಬುದನ್ನು ಓದುಗರೇ ಊಹಿಸಬಹುದು. ದಾರಿಯ ದೂರಕ್ಕಿಂತ ನಾಚಿಕೆಯ ದೂರ ಹೆಚ್ಚಿನದು.

ಬಸಿರು ನಿಜವೋ ಅಲ್ಲವೋ ಎಂದು ತಿಳಿಯುವ ವಿದ್ಯೆಯೂ ಆಗಷ್ಟೇ ಕಣ್ಣು ಬಿಡುತ್ತಿತ್ತು. ಮೂರು ಸಾವಿರ ವರ್ಷಗಳ ಹಿಂದೆ ಈಜಿಪ್ಟಿನವರು ಹೆಂಗಸಿನ ಮೂತ್ರವನ್ನು ಗೋಧಿ, ಬಾರ್ಲಿ ಕಾಳಿನ ಮೇಲೆ ಹೊಯ್ದು ಮೊಳಕೆ ನೋಡುತ್ತಿದ್ದರಂತೆ. 1920ರ ದಶಕದ ಕೊನೆಗೆ ಬರ್ಲಿನ್ನಿನ ಆಷ್‌ಹೈಮ್ ಮತ್ತು ಝೊಂಡೆಕ್ ಎಂಬ ವೈದ್ಯರು ಮೂತ್ರವನ್ನು ಎಳೆಯ ಹೆಣ್ಣಿಲಿಗೆ ಚುಚ್ಚಿ, ಕೆಲವು ದಿನಗಳ ಬಳಿಕ ಅದರ ಅಂಡಾಶಯವನ್ನು ಕೊಯ್ದು ನೋಡುವ ಪರೀಕ್ಷೆ ಕಂಡುಹಿಡಿದರು. ಮುಂದೆ ಇಲಿಯ ಜಾಗಕ್ಕೆ ಆಫ್ರಿಕಾದ ಕಪ್ಪೆ ಬಂತು. ಚುಚ್ಚಿದ ಒಂದು ದಿನದೊಳಗೆ ಅದು ಮೊಟ್ಟೆಯಿಟ್ಟರೆ ಬಸಿರು ಖಚಿತ. ಇವೆಲ್ಲ ದೊಡ್ಡ ಪ್ರಯೋಗಾಲಯಗಳ ಮಾತು. ಹಳ್ಳಿಯಲ್ಲಿ ಸೂಲಗಿತ್ತಿಯ ಕಣ್ಣೇ ಪರೀಕ್ಷೆ, ವಾಕರಿಕೆಯೇ ಫಲಿತಾಂಶ.

ಸ್ವಾತಂತ್ರ್ಯದ ನಂತರ, 1952ರಲ್ಲಿ, ನಮ್ಮ ನೆರೆಯ ರಾಮನಗರದಲ್ಲಿ ಒಂದು ವಿಚಿತ್ರ ಪ್ರಯೋಗ ನಡೆಯಿತು. ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆ ಕಳಿಸಿದ ಡಾ. ಅಬ್ರಹಾಂ ಸ್ಟೋನ್ ಅವರು ಹೆಂಗಸರಿಗೆ ಬಣ್ಣದ ಮಣಿಸರ ಕೊಡುವ ಉಪಾಯ ಹೂಡಿದರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲ, ಕೆಂಪು ಬಂದರೆ ಗಂಡಹೆಂಡಿರು ದೂರವಿರಬೇಕು. ಕೇಳಲು ಸೊಗಸು. ಆದರೆ ರಾತ್ರಿಯ ಕತ್ತಲಲ್ಲಿ ಬಣ್ಣ ಕಾಣುವುದೆಲ್ಲಿ? ಮೇಲಾಗಿ ಎಲ್ಲರ ತಿಂಗಳೂ ಒಂದೇ ಅಳತೆಯದಲ್ಲ. ದೂರವಿರುವ ತೀರ್ಮಾನ ಹೆಂಗಸಿನ ಕೈಯಲ್ಲೂ ಇರಲಿಲ್ಲ. ಪ್ರಯೋಗ ನೆಲಕಚ್ಚಿತು.

ಕದ್ದುಮುಚ್ಚಿದ ಗರ್ಭಪಾತಗಳಿಂದಾಗುತ್ತಿದ್ದ ಸಾವುಗಳನ್ನು ಕಂಡು ಸರ್ಕಾರ 1964ರಲ್ಲಿ ಶಾಂತಿಲಾಲ್ ಷಾ ಸಮಿತಿ ನೇಮಿಸಿತು. ಅದರ ಶಿಫಾರಸಿನ ಫಲವೇ 1971ರ ವೈದ್ಯಕೀಯ ಗರ್ಭಪಾತ ಕಾಯಿದೆ. ಆದರೆ ಗರ್ಭನಿರೋಧಕ ಕೈಕೊಟ್ಟಿತೆಂಬ ಕಾರಣವನ್ನು ವಿವಾಹಿತೆ ಮಾತ್ರ ಹೇಳಬಹುದಿತ್ತು. 2021ರ ತಿದ್ದುಪಡಿ ಆ ಭೇದವನ್ನು ಅಳಿಸಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಅವಿವಾಹಿತೆಗೂ ಸಮಾನ ಹಕ್ಕಿದೆಯೆಂದು ಸ್ಪಷ್ಟಪಡಿಸಿತು.

ಇಂದು ಔಷಧದ ಅಂಗಡಿಯ ಒಂದು ಪಟ್ಟಿಯ ಮೇಲೆ ಕೆಲವು ಹನಿ ಮೂತ್ರ ಹಾಕಿದರೆ ಐದು ನಿಮಿಷದಲ್ಲಿ ಉತ್ತರ ಬರುತ್ತದೆ. ಆಶಾ ಕಾರ್ಯಕರ್ತೆಯರ ಕೈಗೂ ಸರ್ಕಾರ 'ನಿಶ್ಚಯ್' ಎಂಬ ಕಿಟ್ ಕೊಟ್ಟಿತು. ಮುಟ್ಟು ತಡವಾದ ಮಾತ್ರಕ್ಕೆ ಬಸಿರೆಂದೇ ಅಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ, ತೂಕದ ಏರಿಳಿತ, ಎದೆಹಾಲೂಡಿಸುವುದು, ಕಡೆಗೆ ಚಿಂತೆಯೂ ಅದನ್ನು ಮುಂದೂಡಬಲ್ಲದು. ಗೆರೆ ಮೂಡದಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡುವುದು, ಆಗಲೂ ಮುಟ್ಟಾಗದಿದ್ದರೆ ವೈದ್ಯರ ಬಳಿ ಹೋಗುವುದು ಲೇಸು.

ಆದರೂ ಕಥೆ ಇಲ್ಲಿಗೆ ಮುಗಿಯಲಿಲ್ಲ. 2023ರ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. 2024ರ ಮೇ ತಿಂಗಳಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇಂಥ ಗರ್ಭಪಾತದ ಪ್ರಕರಣ ಸಿಕ್ಕಿತು. ಲಿಂಗ ಪತ್ತೆಯನ್ನು ನಿಷೇಧಿಸಿ 1994ರಲ್ಲೇ ಕಾನೂನು ಬಂದಿತ್ತು. 'ಬಸಿರೋ ಅಲ್ಲವೋ' ಎಂಬ ಹಳೆಯ ಆತಂಕ ತೀರಿದ ಮನೆಗಳಲ್ಲಿ 'ಗಂಡೋ ಹೆಣ್ಣೋ' ಎಂಬ ಹೊಸ ಆತಂಕ ಹುಟ್ಟಿಕೊಂಡಿದೆ. ಎರಡರಲ್ಲೂ ಹೆಂಗಸಿನ ಮಾತು ಕೇಳುವವರು ಕಡಿಮೆ.

2021ರ ತಿದ್ದುಪಡಿಯಲ್ಲಿ ಒಂದು ಸಣ್ಣ ಕಲಂ ಇದೆ. ಗರ್ಭಪಾತ ಮಾಡಿಸಿಕೊಂಡವಳ ಹೆಸರನ್ನು ಕಾನೂನಿನ ಅನುಮತಿಯಿಲ್ಲದವರಿಗೆ ವೈದ್ಯರು ಹೇಳಿದರೆ ಅದು ಶಿಕ್ಷಾರ್ಹ. ಒಂದು ಕಾಲಕ್ಕೆ ಕೇರಿಗೆಲ್ಲ ಗೊತ್ತಾಗುತ್ತಿದ್ದ ಲೆಕ್ಕ ಕೊನೆಗೂ ಅವಳದೇ ಲೆಕ್ಕವೆಂದು ಕಾನೂನು ಒಪ್ಪಿದೆ. ಮನೆಗಳು ಒಪ್ಪುವುದು ಬಾಕಿ.