ಒಂದೇ ರಾತ್ರಿಯ ಬ್ಯಾಲೆ, ಎರಡು ಸಿ.ಡಿ.ಗಳು

1931ರ ಏಪ್ರಿಲ್ 8ರಂದು ಲೆನಿನ್‌ಗ್ರಾಡಿನಲ್ಲಿ ಶೊಸ್ತಕೋವಿಚ್‌ನ ಎರಡನೆಯ ಬ್ಯಾಲೆ 'ಬೋಲ್ಟ್' ರಂಗವೇರಿತು. ಟೀಕಾಕಾರರು ಮುಗಿಬಿದ್ದರು, ಎರಡನೆಯ ಪ್ರದರ್ಶನ ನಡೆಯಲೇ ಇಲ್ಲ. ತಿಂಗಳು ತುಂಬುವ ಮೊದಲೇ, ಮೇ 4ರಂದು, ಮಾಸ್ಕೋದಲ್ಲಿ ಗೆನ್ನಾದಿ ರೊಝ್ದೆಸ್ತ್ವೆನ್ಸ್ಕಿ ಹುಟ್ಟಿದ. ಆ ಸಂಗೀತವನ್ನು ಇಡಿಯಾಗಿ ಲೋಕಕ್ಕೆ ಕೇಳಿಸಿದವನು ಅವನೇ.

ಕಥೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕೆಲಸ ಕಳೆದುಕೊಂಡ ಕುಡುಕನೊಬ್ಬ ಸೇಡಿಗಾಗಿ ಕಾರ್ಖಾನೆಯ ಯಂತ್ರಕ್ಕೆ ಬೋಲ್ಟ್ ಹಾಕಿಸುತ್ತಾನೆ, ಹುಡುಗನೊಬ್ಬ ನಿಜ ಒಪ್ಪಿಕೊಳ್ಳುತ್ತಾನೆ. ಶೊಸ್ತಕೋವಿಚ್ ಸ್ವತಃ ಗೆಳೆಯನಿಗೆ ಬರೆದ ಪತ್ರದಲ್ಲಿ ಇದನ್ನು ಗೇಲಿ ಮಾಡಿದ್ದ. ಆದರೆ ಸಂಗೀತ ಬೇರೆಯದೇ ಮಾತು. ಗುಮಾಸ್ತನ ಪೋಲ್ಕಾದಲ್ಲಿ ಬಸೂನ್ ಹೊಟ್ಟೆ ಮುಂದೆ ಮಾಡಿಕೊಂಡು ನಡೆಯುತ್ತದೆ!

ಬ್ಯಾಲೆ ಸತ್ತರೂ ಅದರ ತುಣುಕುಗಳು ಉಳಿದವು. ಎಂಟು ಭಾಗಗಳ ಸ್ವೀಟ್ ಮಾಡಿದ್ದ ಶೊಸ್ತಕೋವಿಚ್ 1934ರಲ್ಲಿ ಅದನ್ನು ಆರಕ್ಕೆ ಇಳಿಸಿದ. ಹೆಸರುಗಳೂ ಬದಲಾದವು: 'ಗುಮಾಸ್ತ' ಬರೀ 'ಪೋಲ್ಕಾ' ಆಯಿತು, ಕೊಝೆಲ್ಕೋವನ ಕುಣಿತ ಬರೀ 'ಟ್ಯಾಂಗೊ'. ಕಥೆಯನ್ನು ಅಳಿಸಿದರೆ ಬೈಯಲು ಏನು ಉಳಿಯುತ್ತದೆ? ಎಚ್ಚರಿಕೆ ಅಕಾರಣವಾಗಿರಲಿಲ್ಲ. 1936ರ ಫೆಬ್ರುವರಿ 6ರಂದು 'ಪ್ರಾವ್ದಾ' ಅವನ ಮೂರನೆಯ ಬ್ಯಾಲೆ 'ತಿಳಿತೊರೆ'ಯ ಮೇಲೆ ಹರಿಹಾಯ್ದಿತು. ಅದರ ಕಥೆ ಬರೆದವರಲ್ಲೊಬ್ಬನಾದ ಆದ್ರಿಯಾನ್ ಪಿಯೊತ್ರೊವ್ಸ್ಕಿಯನ್ನು ಮರುವರ್ಷ ಗುಂಡಿಟ್ಟು ಕೊಂದರು. ಶೊಸ್ತಕೋವಿಚ್ ಮತ್ತೆಂದೂ ಬ್ಯಾಲೆ ಬರೆಯಲಿಲ್ಲ.

ರೊಝ್ದೆಸ್ತ್ವೆನ್ಸ್ಕಿಗೆ ಬ್ಯಾಲೆ ಹೊಸದಲ್ಲ. ಇಪ್ಪತ್ತರ ಹರೆಯದಲ್ಲೇ ಬೊಲ್ಶೊಯ್‌ನಲ್ಲಿ 'ನಟ್‌ಕ್ರ್ಯಾಕರ್' ನಡೆಸಿದ್ದವನು. ಮೂಲೆಗೆ ಬಿದ್ದದ್ದನ್ನು ಎತ್ತಿ ತರುವ ಚಟವೂ ಇತ್ತು: ದಶಕಗಳಿಂದ ಸೋವಿಯತ್ ರಂಗ ಕಾಣದಿದ್ದ 'ಮೂಗು' ಒಪೆರಾ 1974ರಲ್ಲಿ ಮಾಸ್ಕೋಗೆ ಮರಳಿದ್ದು ಅವನ ನಿರ್ದೇಶನದಲ್ಲೇ. 1990ರ ದಶಕದ ಮೊದಲರ್ಧದಲ್ಲಿ ಸ್ಟಾಕ್‌ಹೋಮ್‌ನ ರಾಯಲ್ ಫಿಲ್‌ಹಾರ್ಮೋನಿಕ್‌ನ ಮುಖ್ಯ ಕಂಡಕ್ಟರ್ ಆಗಿದ್ದಾಗ, ಚಾಂಡೋಸ್ ಕಂಪನಿಗಾಗಿ ಶೊಸ್ತಕೋವಿಚ್‌ನ ಮೂರೂ ಬ್ಯಾಲೆಗಳನ್ನು ಧ್ವನಿಮುದ್ರಿಸಿದ. 'ಬೋಲ್ಟ್' ಎರಡು ಸಿ.ಡಿ.ಗಳನ್ನು ತುಂಬಿತು.

ಒಂದೇ ಪಟ್ಟಿಗೆ ಕೂತು ಕೇಳಿದರೆ ಅಲ್ಲಲ್ಲಿ ದಣಿವಾಗುವುದು ನಿಜ. ಕಾಲುಗಳಿಗಾಗಿ ಬರೆದದ್ದನ್ನು ಬರೀ ಕಿವಿ ಹೊರಬೇಕಲ್ಲ. ಆದರೂ ಸ್ವೀಟ್ ಮಾತ್ರ ಕೇಳಿದವರಿಗೆ ಇದು ಬೇರೆಯೇ ಕೃತಿ. ಅಲ್ಲಿ ಬಿಡಿ ಜೋಕುಗಳಾಗಿದ್ದವು ಇಲ್ಲಿ ಕಾರ್ಖಾನೆಯ ಗದ್ದಲದ ನಡುವೆ ಬರುತ್ತವೆ, ನಗು ಅಷ್ಟು ಹಗುರವೆನಿಸುವುದಿಲ್ಲ. ರೊಝ್ದೆಸ್ತ್ವೆನ್ಸ್ಕಿಯೂ ಅವಸರ ಮಾಡುವುದಿಲ್ಲ. ಹಿತ್ತಾಳೆ ವಾದ್ಯಗಳ ಒರಟುತನವನ್ನು ಒರಟಾಗಿಯೇ ಬಿಡುತ್ತಾನೆ.

ಬೊಲ್ಶೊಯ್‌ನಲ್ಲಿ ಅಲೆಕ್ಸೈ ರತ್ಮಾನ್ಸ್ಕಿ 'ಬೋಲ್ಟ್'ಗೆ ಮತ್ತೆ ಹೆಜ್ಜೆ ಹಾಕಿಸಿದ್ದು 2005ರಲ್ಲಿ. ಆ ಹೊತ್ತಿಗೆ ಸಿ.ಡಿ.ಗಳು ಬಂದು ಸುಮಾರು ಹತ್ತು ವರ್ಷವಾಗಿತ್ತು.