ಗಾಳಿಯಂತ್ರಗಳ ಅಂದಚೆಂದದ ಪ್ರಶ್ನೆ

ಹಾಲೆಂಡ್ ಎಂದೊಡನೆ ಹಲವರಿಗೆ ನೆನಪಾಗುವುದು ಗಾಳಿ ಗಿರಣಿ. ಕಿಂಡರ್‌ಡೈಕ್ ಎಂಬಲ್ಲಿ ಕಾಲುವೆಗಳ ಬದಿಯಲ್ಲಿ ಸಾಲಾಗಿ ನಿಂತಿರುವ 19 ಗಿರಣಿಗಳನ್ನು 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ 18ನೇ ಶತಮಾನದಲ್ಲಿ ಅವನ್ನು ಕಟ್ಟಿದವರ ಉದ್ದೇಶ ಅಲಂಕಾರವಾಗಿರಲಿಲ್ಲ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದ್ದ ಹೊಲಗಳ ನೀರನ್ನು ಎತ್ತಿ ಹೊರಹಾಕುವ ಪಂಪುಗಳಾಗಿದ್ದವು ಅವು. ಉಗಿಯಂತ್ರ ಬಂದ ಮೇಲೆ ಹಾಲೆಂಡಿನ ಸಾವಿರಾರು ಗಿರಣಿಗಳು ನೆಲಸಮವಾದವು. ಉಳಿದವನ್ನು ಕಾಪಾಡಲು 1923ರಲ್ಲಿ ಸಂಘವೊಂದು ಹುಟ್ಟಿಕೊಂಡಿತು. ದುಡಿಯುವ ಯಂತ್ರವೇ ಮುಂದೆ ನಾಡಿನ ಹೆಮ್ಮೆಯ ಚಿತ್ರವಾಯಿತು.

ಇಂದಿನ ವಿದ್ಯುತ್ ಗಾಳಿಯಂತ್ರಗಳಿಗೆ ಈ ಆದರ ಸುಲಭವಾಗಿ ದೊರೆತಿಲ್ಲ. ಶುದ್ಧ ಇಂಧನ ಬೇಕು ಎನ್ನುವವರೂ ತಮ್ಮೂರಿನ ಗುಡ್ಡದ ಮೇಲೆ, ತಮ್ಮ ಕಡಲಿನ ಅಂಚಿನಲ್ಲಿ ಅದು ಬೇಡ ಎನ್ನುವುದುಂಟು. ಇದನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕುವ ಮುನ್ನ ಡೆನ್ಮಾರ್ಕಿನ ಅನುಭವವನ್ನು ನೋಡುವುದು ಒಳ್ಳೆಯದು.

ಗಾಳಿಯಿಂದ ವಿದ್ಯುತ್ ತೆಗೆಯುವ ಪ್ರಯತ್ನ ಆ ದೇಶಕ್ಕೆ ಹೊಸದಲ್ಲ. 1891ರಲ್ಲೇ ಪೌಲ್ ಲಾ ಕೂರ್ ಎಂಬ ಶಿಕ್ಷಕ ಆಸ್ಕೋವ್ ಗ್ರಾಮದ ಶಾಲೆಯಲ್ಲಿ ಅಂಥ ಯಂತ್ರ ನಿಲ್ಲಿಸಿದ್ದ. ಅಗ್ಗದ ತೈಲ ಸಿಗತೊಡಗಿದಾಗ ಈ ವಿದ್ಯೆ ಹಿಂದೆ ಸರಿಯಿತು. 1973ರಲ್ಲಿ ಅರಬ್ ದೇಶಗಳು ತೈಲ ಪೂರೈಕೆಯನ್ನು ಬಿಗಿಗೊಳಿಸಿದಾಗ ಡೆನ್ಮಾರ್ಕಿನ ಇಂಧನದ ಶೇ 90ರಷ್ಟು ಆಮದು ತೈಲವೇ ಆಗಿತ್ತು. ಭಾನುವಾರಗಳಂದು ಕಾರು ಓಡಿಸುವುದನ್ನು ಸರ್ಕಾರ ನಿಷೇಧಿಸಿತು. ಮಿತವ್ಯಯ ಮನೆಮನೆಯ ಮಾತಾಯಿತು. ಅದೇ ಹೊತ್ತಿಗೆ ಅಣುಸ್ಥಾವರದ ವಿರುದ್ಧವೂ ಜನಾಭಿಪ್ರಾಯ ಬೆಳೆಯಿತು. 1985ರಲ್ಲಿ ಸಂಸತ್ತು ಅದನ್ನು ಕೈಬಿಟ್ಟಿತು.

ಗಾಳಿಯಂತ್ರ ಮರಳಿ ಬಂದದ್ದು ಈ ವಾತಾವರಣದಲ್ಲಿ. ಅದನ್ನು ತಂದವರು ದೊಡ್ಡ ಕಂಪೆನಿಗಳಿಗಿಂತ ಹೆಚ್ಚಾಗಿ ರೈತರು, ಬಡಗಿ-ಕಮ್ಮಾರರು, ಶಿಕ್ಷಕರು. ನೆರೆಹೊರೆಯವರು ಕೂಡಿ ಸಹಕಾರ ಸಂಘ ಕಟ್ಟಿ, ಪಾಲು ಹಾಕಿ ಯಂತ್ರ ಕೊಂಡರು. 20ನೇ ಶತಮಾನ ಮುಗಿಯುವ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಇಂಥ ಪಾಲುಗಳಿದ್ದವು. ಹೊಲದಾಚೆ ತಿರುಗುತ್ತಿದ್ದ ರೆಕ್ಕೆಗಳು ನೋಡುವವನ ಪಾಲಿಗೆ ಪರರ ಸೊತ್ತಾಗಿರಲಿಲ್ಲ.

ಇದರ ನಿಜವಾದ ಪರೀಕ್ಷೆ ನಡೆದದ್ದು ರಾಜಧಾನಿ ಕೋಪನ್‌ಹೇಗನ್‌ನಲ್ಲಿ. ಬಂದರಿನಿಂದ ಸುಮಾರು ಮೂರೂವರೆ ಕಿ.ಮೀ. ದೂರದ ಮಿಡೆಲ್‌ಗ್ರುಂಡೆನ್ ಎಂಬ ಆಳವಿಲ್ಲದ ಕಡಲಿನಲ್ಲಿ 27 ಯಂತ್ರಗಳನ್ನು ಮೂರು ಸಾಲಾಗಿ ನಿಲ್ಲಿಸುವ ಯೋಜನೆ 1997ರಲ್ಲಿ ಜನರ ಮುಂದೆ ಬಂತು. ನಗರದ ಕಡಲನೋಟ ಕೆಡುತ್ತದೆಂಬ ಆಕ್ಷೇಪ ಎದ್ದಿತು. ಯೋಜಕರು ವಾದಕ್ಕೆ ನಿಲ್ಲದೆ ನಕ್ಷೆಯನ್ನೇ ಬದಲಿಸಿದರು. ಯಂತ್ರಗಳ ಸಂಖ್ಯೆ 20ಕ್ಕೆ ಇಳಿಯಿತು. ನಗರವನ್ನು ಬಳಸಿದ್ದ ಹಳೆಯ ಕೋಟೆಸಾಲಿನ ಬಾಗನ್ನು ಅನುಸರಿಸಿ ಎಲ್ಲವನ್ನೂ ಒಂದೇ ಕಮಾನಿನಂತೆ ಜೋಡಿಸಲಾಯಿತು. ದಡದಿಂದ ನೋಡಿದರೆ ಹೇಗೆ ಕಾಣುತ್ತದೆಂಬ ಚಿತ್ರಗಳನ್ನು ಮೊದಲೇ ತೋರಿಸಲಾಯಿತು.

2000ದಲ್ಲಿ ಕೆಲಸ ಮುಗಿದಾಗ 40 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರದ ಅರ್ಧ ನಗರದ ವಿದ್ಯುತ್ ಸಂಸ್ಥೆಯದಾಗಿತ್ತು. ಇನ್ನರ್ಧ ಸುಮಾರು 8,500 ಸದಸ್ಯರ ಸಹಕಾರ ಸಂಘದ್ದು. 102 ಮೀಟರ್ ಎತ್ತರದ ಯಂತ್ರಗಳು ಕಣ್ಣಿಗೆ ಮರೆಯಾಗಿರಲಿಲ್ಲ. ಆದರೂ ಆ ಕಮಾನು ನಗರದ ಗುರುತುಗಳಲ್ಲೊಂದಾಯಿತು.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ನಡೆದದ್ದು ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್ ಬಳಿಯ ನಾಂಟಕೆಟ್ ಕಡಲಿನಲ್ಲಿ 130 ಯಂತ್ರಗಳನ್ನು ನಿಲ್ಲಿಸಲು ಖಾಸಗಿ ಕಂಪೆನಿಯೊಂದು 2001ರಲ್ಲಿ ಮುಂದಾಯಿತು. ದಡದಿಂದ ಅವುಗಳ ದೂರ 8 ಕಿ.ಮೀ.ಗೂ ಹೆಚ್ಚು, ಅಂದರೆ ಕೋಪನ್‌ಹೇಗನ್‌ನ ಯಂತ್ರಗಳ ದೂರದ ಎರಡರಷ್ಟು. ಆದರೂ ವಿರೋಧ ಭುಗಿಲೆದ್ದಿತು. ಕಡಲ ತೀರದಲ್ಲಿ ಬಂಗಲೆಗಳಿದ್ದ ಶ್ರೀಮಂತರು ಅದರ ಮುಂಚೂಣಿಯಲ್ಲಿದ್ದರು. ಸೆನೆಟರ್ ಎಡ್ವರ್ಡ್ ಕೆನಡಿ ವಿರೋಧಿಸಿದರು. ಪರಿಸರ ವಕೀಲರೆಂದು ಹೆಸರಾಗಿದ್ದ ಅವರ ಅಣ್ಣನ ಮಗ ರಾಬರ್ಟ್ ಕೆನಡಿ ಜೂನಿಯರ್ ಕೂಡ ವಿರೋಧಿಸಿದರು. ಆ ನೆಲದ ಮೂಲನಿವಾಸಿಗಳಾದ ವಾಂಪನೋಗ್ ಜನರ ಆಕ್ಷೇಪದ ಕಾರಣವೇ ಬೇರೆ. ಮೂಡಣದ ಸೂರ್ಯನನ್ನು ಮರೆಯಿಲ್ಲದೆ ಕಾಣುವುದು ಅವರ ಧಾರ್ಮಿಕ ಆಚರಣೆಯ ಭಾಗ. 2010ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆತರೂ ಮೊಕದ್ದಮೆಗಳು ನಿಲ್ಲಲಿಲ್ಲ. 2015ರಲ್ಲಿ ವಿದ್ಯುತ್ ಕೊಳ್ಳಬೇಕಿದ್ದ ಸಂಸ್ಥೆಗಳು ಹಿಂದೆ ಸರಿದವು. 2017ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು.

ಡೇನರಿಗೆ ಗಾಳಿಯಂತ್ರದ ಮೇಲೆ ಹುಟ್ಟಿನಿಂದಲೇ ಪ್ರೀತಿ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಯಂತ್ರಗಳು ಬೃಹತ್ತಾಗಿ, ಒಡೆತನ ಊರಿನ ಸಂಘಗಳಿಂದ ಹೊರಗಿನ ಹೂಡಿಕೆದಾರರ ಕೈಗೆ ಹೋದಂತೆ ಅಲ್ಲಿನ ಹಳ್ಳಿಗಳಲ್ಲೂ ಪ್ರತಿಭಟನೆ ಹೆಚ್ಚಿತು. ಅದನ್ನು ತಣಿಸಲು 2008ರಲ್ಲಿ ಕಾನೂನೊಂದು ಬಂತು. ಹೊಸ ಯೋಜನೆಯ ಪಾಲಿನಲ್ಲಿ ಶೇ 20ನ್ನಾದರೂ ಸುತ್ತಲಿನ ನಿವಾಸಿಗಳಿಗೆ ಮಾರಾಟಕ್ಕೆ ಇಡಬೇಕೆಂದು ಅದು ವಿಧಿಸಿತು, 4.5 ಕಿ.ಮೀ. ಒಳಗಿನವರಿಗೆ ಮೊದಲ ಹಕ್ಕು. 2020ರಲ್ಲಿ ಆ ನಿಯಮದ ಬದಲು ಹತ್ತಿರದ ಮನೆಗಳಿಗೆ ವರ್ಷವರ್ಷವೂ ಹಣ ಕೊಡುವ ಏರ್ಪಾಡು ಬಂತು.

ಅಂದದ ಪ್ರಶ್ನೆ ಸುಳ್ಳಲ್ಲ. ದಿನವೂ ಕಾಣುವ ದಿಗಂತದ ಮೇಲೆ ಜನರಿಗೆ ಮಮತೆ ಇರುತ್ತದೆ. ಅದನ್ನು ಗೌರವಿಸಿದ್ದರಿಂದಲೇ ಕೋಪನ್‌ಹೇಗನ್‌ನ ನಕ್ಷೆ ಉತ್ತಮಗೊಂಡಿತು. ಆದರೆ ಯಂತ್ರ ಚೆಂದವಾಗಿದೆಯೇ ಎಂಬ ಪ್ರಶ್ನೆಯೊಳಗೆ ಹಲವು ಬಾರಿ ಇನ್ನೊಂದು ಪ್ರಶ್ನೆ ಅಡಗಿರುತ್ತದೆ: ಇದನ್ನು ಇಲ್ಲಿ ನಿಲ್ಲಿಸುವಾಗ ನಮ್ಮನ್ನು ಕೇಳಿದವರು ಯಾರು? ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಲ್ಲಿ ಮೊದಲನೆಯದರ ಬಿಸಿ ತಾನಾಗಿ ಇಳಿಯುತ್ತದೆ.